ರಶೀದಾ ಮೇಡಂ ಕೊಟ್ಟ ಪರಸಿಕಲ್ಲು

ಹೊರಗಿನ ತಜ್ಞರು ಬರುವ ರೈಲು ವಾಡಿ ಜಂಕ್ಷನ್ನಿಗೆ ತಡವಾಗಿ ಬರಬಹುದಿತ್ತು. ಕರೆಂಟ್ ಹೋಗಬಹುದಿತ್ತು. ಸಭೆಗೆ ಬೇಕಾದಷ್ಟು ಮಂದಿ ಸೇರದಿರಬಹುದಿತ್ತು, ಸೇರಿದವರು ಜಗಳಾಡಬಹುದಿತ್ತು, ಪ್ರಿನ್ಸಿಪಾಲರ ಬಿ.ಪಿ. ಏರಬಹುದಿತ್ತು. ನಮ್ಮ ಸರ್ಕಾರಿ ಕಾಲೇಜಿಗೆ ಸ್ವಾಯತ್ತತೆ ಸಿಕ್ಕಮೇಲೆ, ನಮ್ಮ ಪಾಠ ನಾವೇ ಗೊತ್ತುಮಾಡಿಕೊಳ್ಳಲು ಕರೆದ ಮೊದಲ ಸಭೆ. ಕಾರ್ಯದರ್ಶಿ ನಾನು. ಮೂರು ಸಲ ಕುರ್ಚಿ ಎಣಿಸಿದ್ದೆ.

“ಕುಂದ್ರಿ ಸರ್, ಕುರ್ಚಿ ಎಲ್ಲೂ ಓಡಿ ಹೋಗಂಗಿಲ್ಲ,” ಎಂದರು ರಶೀದಾ ಮೇಡಂ.

ಮೇಡಂ ಶಹಾಬಾದಿನವರು, ನಮ್ಮಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದರು. ವ್ಯಾನಿಟಿ ಬ್ಯಾಗಿನಲ್ಲಿ ಸದಾ ಅಂಗೈಯಗಲದ ಪರಸಿಕಲ್ಲು, ನಮ್ಮ ಕಡೆ ನೆಲಕ್ಕೆ ಹಾಸುವ ಸುಣ್ಣಕಲ್ಲಿನ ತುಂಡು. ಕ್ಲಾಸಿನಲ್ಲಿ ಅದರ ಮೇಲೆ ಆಸಿಡ್ ಹನಿಸುವರು; ಅದು ಬುಸುಗುಟ್ಟಿದರೆ, “ನೋಡ್ರಿ, ನಿಮ್ಮ ಮನಿ ನೆಲ ಮಾತಾಡಾಕತ್ತದ,” ಎನ್ನುವರು. ನಾನು ಯಾವುದಕ್ಕಾದರೂ ‘ಮೇಲಿನವರನ್ನೊಂದು ಮಾತು ಕೇಳೋಣ’ ಎಂದರೆ ಸಾಕು, ನೆತ್ತಿಯ ಮೇಲಿನ ಫ್ಯಾನ್ ತೋರಿಸುವರು: “ಮ್ಯಾಲ ಅದೊಂದೇ ಅದ. ಕೇಳ್ರಿ.”

ಅವರದು ಒಂದೇ ಹಟ. ಸುಣ್ಣಕಲ್ಲು, ಸಿಮೆಂಟಿನ ಬಗ್ಗೆ ಒಂದು ಪೇಪರ್ ಇರಬೇಕು. ನಮ್ಮ ಹುಡುಗರಲ್ಲಿ ಅರ್ಧ ಮಂದಿಯ ಅಪ್ಪಂದಿರು ಸಿಮೆಂಟ್ ಫ್ಯಾಕ್ಟರಿಯವರು. ವಿಶ್ವವಿದ್ಯಾಲಯದ ಪಠ್ಯದಲ್ಲಿ ಸಿಮೆಂಟಿಗೆ ಅರ್ಧ ಪುಟ. “ರಿಟೈರಾಗ್ಲಿಕ್ಕ ಒಂದೇ ವರ್ಷ ಅದರಿ. ಒಂದ್ ಬ್ಯಾಚಿಗರ ಕಲಿಸಿ ಹೋಗ್ತೀನಿ.”

ರೈಲು ಹೊತ್ತಿಗೆ ಸರಿಯಾಗಿ ಬಂತು. ಕರೆಂಟ್ ಹೋಗಲಿಲ್ಲ. ತಜ್ಞರೊಬ್ಬರು ಕೇಳಿದರು: “ಇದಕ್ಕ ಪರವಾನಗಿ ಯಾರು ಕೊಟ್ಟಾರ, ಮೇಡಂ?”

“ಕೊಡೋರು ಈ ಸಭೆಯವರೇ ರೀ. ಅದಕ್ಕೇ ಕರ್ಸೀವಿ, ಬರೇ ಚಹಾಕ್ಕಲ್ಲ.”

ಎಲ್ಲರೂ ನಕ್ಕರು. ಪೇಪರ್ ಪಾಸಾಯಿತು. ನಡಾವಳಿ ನಾನೇ ಬರೆದೆ, ಪ್ರಿನ್ಸಿಪಾಲರು ಸಹಿ ಹಾಕಿದರು.

ಆದರೆ ಫೈಲು ಬೆಂಗಳೂರಿನ ಇಲಾಖಾ ಕಚೇರಿಗೆ ಹೋಯಿತು. ಯಾಕೆ ಹೋಯಿತೆಂದು ಸರಿಯಾಗಿ ಬಲ್ಲವನು ನಾನೊಬ್ಬನೇ; ಬಾಯಿ ಬಿಡಲಿಲ್ಲ. ವರ್ಷವಿಡೀ ಮೇಡಂ ಬಾಗಿಲಲ್ಲಿ ಇಣುಕಿ “ಬಂತೇನ್ರಿ?” ಎಂದರೆ, ಟಪಾಲು ಕೆದಕುವವನಂತೆ ತಲೆ ತಗ್ಗಿಸುತ್ತಿದ್ದೆ. ಹುಡುಗರು ಹಳೆಯ ಅರ್ಧ ಪುಟವನ್ನೇ ಓದಿ ಪರೀಕ್ಷೆ ಬರೆದರು.

ಉತ್ತರ ಬಂದದ್ದು ಅವರು ನಿವೃತ್ತರಾಗುವ ದಿನ. ತೀರ್ಮಾನದ ಅಧಿಕಾರ ನಿಮ್ಮದೇ ಇರುವಾಗ ನಮ್ಮನ್ನು ಕೇಳಿದ್ದೇಕೆ, ವಿವರಣೆ ಕೊಡಿ ಎಂದಿತ್ತು. ಮೇಡಂ ಅದನ್ನೂ ಓದಿದರು, ಲಗತ್ತಿಸಿದ್ದ ನನ್ನ ನಡಾವಳಿಯನ್ನೂ ಓದಿದರು. ಬ್ಯಾಗಿನಿಂದ ಕಲ್ಲು ತೆಗೆದು ನನ್ನ ಮೇಜಿನ ಮೇಲಿಟ್ಟರು.

“ಬರಿಯೋ ಮುಂದ ಕೈ ಮ್ಯಾಲ ಇಟ್ಕೋರಿ, ಸರ್. ಭಾಳ ಜಲ್ದಿ ಓಡ್ತದ ಆ ಕೈ.”

ಹಾಗೆಂದು ಆಟೋ ಹತ್ತಿದರು.

ಆ ಸಭೆಯಲ್ಲಿ ಬೇರೇನೂ ಕೆಟ್ಟಿರಲಿಲ್ಲ. ಇಪ್ಪತ್ತು ವರ್ಷದ ರೂಢಿಯಂತೆ ನಿರ್ಣಯದ ಕೊನೆಗೆ ನಾನು ಮೂರು ಪದ ಸೇರಿಸಿದ್ದೆ, ಅಷ್ಟೇ: ‘ಮೇಲಧಿಕಾರಿಗಳ ಅನುಮೋದನೆಗೆ ಒಳಪಟ್ಟು.’