ಅತ್ತೆ ಆರಿಸಿದ ಕಲ್ಲು

ನಾನು ಕಲ್ಲಿನ ಬಗ್ಗೆ ತಲೆ ಕೆಡಿಸಿಕೊಂಡವಳಲ್ಲ. ಕಲಬುರಗಿಯಲ್ಲಿ ಹುಟ್ಟಿ ಬೆಳೆದವರಿಗೆ ಅದರ ಅಗತ್ಯವೂ ಬೀಳುವುದಿಲ್ಲ. ನೆಲಕ್ಕೆ ಫರಸಿ ಎಂಬ ಚಪ್ಪಡಿ ಕಲ್ಲು, ಬಟ್ಟೆ ಒಗೆಯಲು ಫರಸಿ, ಬಾಗಿಲ ಮುಂದೆ ಕೂತು ಹರಟೆ ಹೊಡೆಯಲೂ ಫರಸಿಯೇ. ಬಿರುಬೇಸಿಗೆಯ ಮಧ್ಯಾಹ್ನ ತೋಯ್ದ ಬಟ್ಟೆ ಆಡಿಸಿ ಅದರ ಮೇಲೆ ಮಲಗಿದವರಿಗೆ ಲೋಕದಲ್ಲಿ ಬೇರೆ ಕಲ್ಲೂ ಉಂಟೆಂಬುದು ಮರೆತೇ ಹೋಗುತ್ತದೆ. ಜೇವರ್ಗಿ ಕಾಲೋನಿಯ ನಮ್ಮ ಮನೆಯ ಅಡಿಗೆ ಕಟ್ಟೆಯ ಫರಸಿ ಸಿಂಕಿನ ಹತ್ತಿರ ಬಿರುಕು ಬಿಟ್ಟು, ಗ್ರಾನೈಟ್ ಹಾಕಿಸೋಣವೆಂದು ಮಾತು ಬಂದಾಗಲೂ, ಯಾವುದಾದರೇನು ಎಂದು ಸುಮ್ಮನಿದ್ದೆ.

ಸುಮ್ಮನಿರಲು ಬಿಡದ ಸಂಗತಿ ಬೇರೆ ಇತ್ತು. ನಮ್ಮ ಅತ್ತೆಯ ಕಣ್ಣು ಮಂಜಾಗುತ್ತ ಬಂದಿದೆ. ಕನ್ನಡಕ ಬದಲಿಸಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಕಣ್ಣು ಕಾಣದ ಮೇಲೆ ಅವ್ವ ಒಲೆಯ ಹತ್ತಿರ ಹೋಗುವುದು ಬೇಡ, ಹೊಸ ಕಟ್ಟೆಯಾದ ಮೇಲೆ ರೊಟ್ಟಿ ಬಡಿಯಲು ಒಬ್ಬ ಹೆಣ್ಣುಮಗಳನ್ನು ಗೊತ್ತು ಮಾಡೋಣ ಎಂದರು ನಮ್ಮ ಮನೆಯವರು. ಮಗನ ಭಯ ಸುಳ್ಳಲ್ಲ. ಅತ್ತೆ ವಾದ ಮಾಡಲಿಲ್ಲ, ಆದರೆ ಅಂದಿನಿಂದ ಅವರ ಊಟ ಕಡಿಮೆಯಾಯಿತು. ಮದುವೆಯಾಗಿ ಬಂದಾಗಿನಿಂದ ಈ ಮನೆಯ ರೊಟ್ಟಿ ಅವರ ಕೈಯದೇ. ಅದನ್ನೂ ಕಸಿದುಕೊಂಡರೆ ಅವರ ಪಾಲಿಗೆ ದಿನವೆಲ್ಲ ಕುರ್ಚಿಯೊಂದೇ ಉಳಿಯುತ್ತದೆ. ನೆನೆದು ನನಗೆ ಬಹಳ ದುಃಖವಾಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ದುಃಖವಾದಾಗ ಅಳುವುದು ಬಿಟ್ಟು ಪ್ರಯೋಗಕ್ಕೆ ಇಳಿಯುವುದು ನನ್ನ ಚಟ. ಕಪ್ಪು ಕಲ್ಲಿನ ಮೇಲೆ ಸಾಸಿವೆ ಕಾಣುವುದಿಲ್ಲ, ಬಿಳಿಯದರ ಮೇಲೆ ಹಿಟ್ಟು ಕಾಣುವುದಿಲ್ಲ. ಎರಡೂ ಕಾಣುವಂಥದೊಂದು ಕಲ್ಲು ಸಿಕ್ಕರೆ, ಅತ್ತೆಗೆ ಕಾಣುತ್ತದೆ ಎಂದು ಮಗನ ಬಾಯಿ ಮುಚ್ಚಿಸಬಹುದಲ್ಲ. ಸಾಸಿವೆ, ತೊಗರಿಬೇಳೆ, ಜೋಳದ ಹಿಟ್ಟು ಪೊಟ್ಟಣ ಕಟ್ಟಿಕೊಂಡೆ. ಜಗತ್ ವೃತ್ತದ ಹತ್ತಿರದ ಕಲ್ಲಿನ ಅಂಗಡಿಯವರು ಅಂಗೈಯಗಲದ ತುಂಡು ತೋರಿಸಿ ಉಳಿದದ್ದನ್ನು ಮೊಬೈಲಿನಲ್ಲಿ ನೋಡಿ ಎಂದರು. ಅತ್ತೆ, "ಕಮಲಾಪುರಕ್ಕ ಹೋಗೂಣು ನಡಿ" ಎಂದರು. ಅದು ಅವರ ತವರು. ತವರಿನ ಕಲ್ಲಿಗೆ ತೂಕ ಹೆಚ್ಚೆಂದು ಅವರ ನಂಬಿಕೆಯಿರಬೇಕು.

ಅಲ್ಲಿನ ಕಲ್ಲಿನ ವ್ಯಾಪಾರಿ ಖಾಜಾಸಾಬರು ಬಣ್ಣಬಣ್ಣದ ತುಂಡುಗಳನ್ನು ನನಗಾಗಿ ಸಾಲಾಗಿ ಮಲಗಿಸಿದರು. ನಾನು ಪೊಟ್ಟಣ ಬಿಚ್ಚಿದ್ದು ನೋಡಿ, "ಟೀಚರಮ್ಮಾ, ನಾವು ಕಲ್ಲು ಮಾರತೀವ್ರಿ, ಕಿರಾಣಾ ಅಲ್ಲ" ಎಂದರು.

ಒಂದೊಂದರ ಮೇಲೂ ಸಾಸಿವೆ ಚೆಲ್ಲಿ, "ಅತ್ತೀ, ಕಾಣಸ್ತದೇನ್ರಿ?" ಎಂದು ಕೇಳಿದೆ.

"ಕಾಣಸ್ತದವ್ವಾ."

ಹಿಟ್ಟು ಉದುರಿಸಿ ಕೇಳಿದೆ. ಅದಕ್ಕೂ ಅದೇ ಉತ್ತರ. ಬೂದಿಬಣ್ಣದ ಕಲ್ಲಿನ ಮೇಲೆ ಎಲ್ಲವೂ ಕಾಣುತ್ತದೆಂದು ನಾನು ಗೆದ್ದವಳಂತೆ ತಿರುಗಿದರೆ, ಅತ್ತೆ ಆಗಲೇ ಮುಂದೆ ಸರಿದು ಸಾಲಿನ ಕಲ್ಲುಗಳನ್ನೆಲ್ಲ ಅಂಗೈಯಿಂದ ಸವರುತ್ತ ಹೊರಟಿದ್ದರು. ಕೊನೆಯದರ ಮುಂದೆ ನಿಂತು, ಹಿಟ್ಟಿನ ಮುದ್ದೆ ಇದೆಯೋ ಎಂಬಂತೆ ಅದನ್ನು ಮೆಲ್ಲಗೆ ಬಡಿದರು.

"ಇದು ಛಲೋ ಅದ. ರೊಟ್ಟಿ ಅಂಟಂಗಿಲ್ಲ."

"ಇದರ ಮ್ಯಾಲ ಸಾಸಿವಿ ಕಾಣಂಗಿಲ್ಲರಿ, ಅತ್ತೀ."

"ಸಾಸಿವಿ ನೀ ನೋಡ್ಕೋ."

ನನ್ನ ಪ್ರಯೋಗ ಅಲ್ಲಿಗೆ ಮುಗಿಯಿತು. ಖಾಜಾಸಾಬರು ಅಳತೆ ಬರೆದುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕೂತಿದ್ದರು. ಊರು ದಾಟಿದ ಮೇಲೆ ನನ್ನ ಕಡೆ ಬಾಗಿ ಕೇಳಿದರು: "ಶೈಲಾ, ನಾ ಆರಿಸಿದ್ದು ಯಾವ ಬಣ್ಣದವ್ವಾ?"

ಅವರಿಗೆ ಕಲ್ಲಿನ ಬಣ್ಣವೇ ಕಂಡಿರಲಿಲ್ಲ. ಸಾಸಿವೆಯೂ ಕಂಡಿರಲಿಲ್ಲ, ಹಿಟ್ಟೂ ಕಂಡಿರಲಿಲ್ಲ. ಸೊಸೆ ಇಷ್ಟು ಆಸೆಯಿಂದ ಕೇಳುತ್ತಾಳಲ್ಲ ಎಂದು ಎಲ್ಲದಕ್ಕೂ ಹೂಂ ಎಂದಿದ್ದರು.

"ಹಳೀ ಬೆಲ್ಲದ ಬಣ್ಣರಿ. ನಡುನಡುವ ಕೆಂಪು ಚುಕ್ಕಿ ಅವ."

"ಛಲೋ ಆತು" ಎಂದು ಅವರು ಮತ್ತೆ ಕಿಟಕಿಗೆ ಮುಖ ಮಾಡಿದರು. ನಾನು ಅವರ ಕೈ ಹಿಡಿದುಕೊಂಡೆ.

ಮನೆಗೆ ಬಂದೊಡನೆ ಇವರು ಕೇಳಿದ್ದು ಒಂದೇ ಮಾತು: "ಅವ್ವಗ ಕಾಣಸ್ತದೇನು?" ಪ್ರಯೋಗದ ಫಲಿತಾಂಶವನ್ನು ಇದ್ದ ಹಾಗೇ ಬರೆಯಬೇಕು ಎಂದು ಮಕ್ಕಳಿಗೆ ವರ್ಷವರ್ಷವೂ ಬೋಧಿಸುವವಳು ನಾನು. ಒಳಗೆ ಅತ್ತೆ ಬಿರುಕುಬಿಟ್ಟ ಕಟ್ಟೆಯನ್ನೇ ಒರೆಸುತ್ತಿದ್ದ ಸದ್ದು ಕೇಳುತ್ತಿತ್ತು.

"ರೊಟ್ಟಿ ಬಡಿಯೂವಷ್ಟು ಕಾಣಸ್ತದರಿ," ಎಂದೆ, "ಹಂಚಿನ ಮುಂದ ನಾ ನಿಂದರತೀನಿ." ಇವರು ನನ್ನ ಮುಖ ನೋಡಿದರು. ರೊಟ್ಟಿಯ ಹೆಣ್ಣುಮಗಳ ಮಾತು ಮತ್ತೆ ಬರಲಿಲ್ಲ.

ಈಗ ಹೊಸ ಕಲ್ಲಿನ ಮೇಲೆ ಅತ್ತೆ ರೊಟ್ಟಿ ಬಡಿಯುತ್ತಾರೆ. ಎತ್ತಿ ಹಂಚಿಗೆ ಹಾಕಿ, ನೀರು ಸವರಿ ಬೇಯಿಸುವುದು ನನ್ನ ಕೆಲಸ. ಬೆಂಕಿಯ ವಿಷಯವಲ್ಲವೇ, ನಾನು ಅತ್ತಿತ್ತ ನೋಡದೆ ಹಂಚಿನ ಮೇಲೇ ಕಣ್ಣು ನೆಟ್ಟು ನಿಂತಿರುತ್ತೇನೆ. ಅತ್ತೆ ಕಲ್ಲಿನಿಂದ ಕೈ ತೆಗೆಯದೆ, ತಲೆಯೂ ಎತ್ತದೆ, "ಶೈಲಾ, ತಿರುವಿ ಹಾಕವ್ವಾ, ಹೊತ್ತಿದ ವಾಸನಿ ಬರಾಕತ್ತದ" ಎನ್ನುತ್ತಾರೆ. ಆಮೇಲೆ ನನಗೂ ಕಾಣುತ್ತದೆ.