ಒಂದು ಹಿಡಿ ಹರಳುಪ್ಪು

ನಮ್ಮ ಕೊಟ್ಟೂರಿನ ಮನೆಯಲ್ಲಿ ಅರೆಯುವ ಕಲ್ಲುಗಳು ಎರಡಿದ್ದವು: ಅಡುಗೆಮನೆಯ ನೆಲದಲ್ಲಿ ಹೂತ ಅತ್ತೆಯ ಒಳಕಲ್ಲು, ಕಿಟಕಿಯ ಮೇಲೆ ಕೂತಿರುತ್ತಿದ್ದ ನನ್ನ ಅಂಗೈಯಗಲದ ಅಗೇಟ್ ಕಲ್ಲಿನ ಬಟ್ಟಲು. ಅದರಲ್ಲಿ ಚಟ್ನಿ, ಇದರಲ್ಲಿ ಭೌತಶಾಸ್ತ್ರ. ನಗಬೇಡಿ, ಗೆಳೆಯರೇ, ಫ್ಲಾಪಿ, ಕ್ಯಾಸೆಟ್ಟುಗಳ ಕಾಲವದು. ಅವುಗಳ ಮೇಲೆ ಬಳಿಯುವ, ಬರೆದದ್ದನ್ನು ಮರೆಯದೆ ಹಿಡಿದಿಟ್ಟುಕೊಳ್ಳುವ ಕಾಂತದ ಪುಡಿಯೇ ನನ್ನ ಸಂಶೋಧನೆಯ ವಿಷಯ. ಕಬ್ಬಿಣದ ಆಕ್ಸೈಡಿಗೆ ಇನ್ನೊಂದು ಬಿಳಿ ಪುಡಿ ಬೆರೆಸಿ, ಗಂಟೆಗಟ್ಟಲೆ ಅರೆದು, ವಿಶ್ವವಿದ್ಯಾಲಯದ ಕುಲುಮೆಯಲ್ಲಿ ಸುಡಬೇಕು. ಸುಡುವುದಕ್ಕೆ ಯಂತ್ರವಿತ್ತು, ಅರೆಯುವುದಕ್ಕೆ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದ ನನ್ನ ರಟ್ಟೆಯೊಂದೇ.

“ಇದೇನ್ ಅರೆಯಾದವಾ, ಗುಬ್ಬಿ ಕಾಳು ಕುಕ್ಕಿದಂಗ!” ಎಂದು ಅತ್ತೆ ದಿನಕ್ಕೊಮ್ಮೆಯಾದರೂ ಅನ್ನದೆ ಬಿಡುತ್ತಿರಲಿಲ್ಲ. ಸಂಶೋಧನೆಯನ್ನು ಮಾರ್ಗದರ್ಶಕರು ಟೀಕಿಸಿದರೆ ಸಹಿಸಬಹುದು. ಅರೆಯುವ ಕೈಯನ್ನು ಅತ್ತೆ ಟೀಕಿಸಿದರೆ ಯಾವ ಸೊಸೆ ಸಹಿಸಿಯಾಳು? ನಾನು ಮುಖ ಗಂಟಿಕ್ಕಿಕೊಂಡು ಇನ್ನಷ್ಟು ಕುಕ್ಕುತ್ತಿದ್ದೆ.

ಒಮ್ಮೆ ಅರ್ಧ ಅರೆದ ಪುಡಿಯನ್ನು ಡಬ್ಬಿಯಲ್ಲಿಟ್ಟು ಪರೀಕ್ಷಾ ಕೆಲಸಕ್ಕೆಂದು ಹರಪನಹಳ್ಳಿಗೆ ಹೋದೆ. ಎರಡು ದಿನ ಬಿಟ್ಟು ಬಂದು ನೋಡಿದರೆ ಪುಡಿ ಕಾಡಿಗೆಯಷ್ಟು ನುಣ್ಣಗಿತ್ತು. ನನ್ನ ಕೈಗುಣವೆಂದು ಬೀಗಿ, ಹಾಗೇ ಒಯ್ದು ಸುಟ್ಟೆ. ಫಲಿತಾಂಶ ಕಂಡು ಮಾರ್ಗದರ್ಶಕರು ಕನ್ನಡಕ ತೆಗೆದು ಒರೆಸಿಕೊಂಡರು. ನಮ್ಮ ಯಾವ ಪುಡಿಯೂ ಕಾಂತವನ್ನು ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ. “ಇದನ್ನೇ ಮತ್ತೆ ಮಾಡಿ ತೋರಿಸಿ, ಮಹಾಪ್ರಬಂಧ ಮುಗಿದ ಹಾಗೆ” ಎಂದರು.

ಮತ್ತೆ ಮಾಡಿದೆ, ಬರಲಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಸಪ್ಪೆ. ಅಷ್ಟರಲ್ಲಿ ಅವರ ಕಾಗದ ಬಂತು: ತಿಂಗಳೊಳಗೆ ಬಾರದಿದ್ದರೆ ಆ ಅಧ್ಯಾಯ ಕೈಬಿಡಿ. ಅದನ್ನು ಕೈಬಿಟ್ಟರೆ ಉಳಿಯುವುದು ರಟ್ಟು ಮತ್ತು ಅರ್ಪಣೆ. ನೋಂದಣಿಯ ಅವಧಿಯೂ ತೀರುತ್ತಾ ಬಂದಿತ್ತು. ಆರು ವರ್ಷದ ದುಡಿಮೆ ನೀರುಪಾಲಾಯಿತೆಂದು ಬಟ್ಟಲ ಮುಂದೆ ಕೂತು ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಪಕ್ಕದಲ್ಲಿ ಬಂದು ಕೂತ ಅತ್ತೆಗೆ ಎಲ್ಲವನ್ನೂ ಹೇಳಿಕೊಂಡೆ.

“ಹರಪನಳ್ಳಿಗೆ ಹೋದಾಗಿನ ಪುಡಿ ಏನವಾ? ಅದನ್ನ ನಾನ ಅರದಿದ್ದೆ. ನಿನ್ನ ರಟ್ಟಿ ನೋಡಿ ಸಂಕಟಾತು. ಕಲ್ಲಿಗೆ ಹತ್ತಬಾರ್ದಂತ ಒಂದು ಹಿಡಿ ಹರಳುಪ್ಪು ಹಾಕಿದ್ದೆ.”

ಉಪ್ಪು! ಕುಲುಮೆಯಲ್ಲಿ ಉಪ್ಪು ಕರಗಿ, ಕಣಗಳು ಒಂದಕ್ಕೊಂದು ಅಂಟದೆ ಸಣ್ಣ ಸಣ್ಣದಾಗಿ ಬೆಳೆದಿದ್ದವು. ಈ ಪುಡಿಯಲ್ಲಿ ಕಣ ಸಣ್ಣದಾದಷ್ಟೂ ಕಾಂತದ ಹಿಡಿತ ಗಟ್ಟಿ. ಕಾಲೇಜಿನ ತಕ್ಕಡಿ ತಂದು, ಅತ್ತೆಯ ಕೈಯಿಂದ ಐದು ಸಲ ಉಪ್ಪು ಹಿಡಿಸಿ ತೂಗಿದೆ. ಐದು ಸಲವೂ ಮುಳ್ಳು ಹೆಚ್ಚುಕಡಿಮೆ ಅದೇ ಗೆರೆಯಲ್ಲಿ ನಿಂತಿತು. ನನ್ನ ಹಿಡಿ ಮಾತ್ರ ಐದು ಸಲಕ್ಕೆ ಐದು ತೂಕ. ಆ ಅಳತೆಯಲ್ಲಿ ಮಾಡಿದ ಪುಡಿ ಮೂರು ಸಲವೂ ಸರಿಯಾಗಿ ಬಂತು.

ಮೌಖಿಕ ಪರೀಕ್ಷೆಗೆ ಅತ್ತೆಯೂ ಬಂದರು, ರೊಟ್ಟಿಯ ಗಂಟಿನೊಂದಿಗೆ. ಹಿಂದಿನ ಬೆಂಚಿನಲ್ಲಿ ಕೂತು ನನ್ನ ಒಂದೊಂದು ಇಂಗ್ಲಿಷ್ ವಾಕ್ಯಕ್ಕೂ, ಎಲ್ಲ ತಿಳಿದವರಂತೆ ತಲೆಯಾಡಿಸುತ್ತಿದ್ದರು. ಉಪ್ಪಿನ ಈ ಪ್ರಮಾಣಕ್ಕೆ ಹೇಗೆ ಬಂದಿರಿ ಎಂದು ಪರೀಕ್ಷಕರು ಕೇಳಿದರು. ಹಲವು ಪ್ರಯೋಗಗಳ ನಂತರ, ಎಂದು ಶುರುಮಾಡಿದವಳು ಆ ಆಡುತ್ತಿದ್ದ ತಲೆ ಕಂಡು ವಾಕ್ಯವನ್ನು ಅರ್ಧಕ್ಕೇ ಬಿಟ್ಟೆ.

“ಸುಳ್ಳು ಸರ್. ಅದು ಅಗೋ, ನಮ್ಮತ್ತೆಯವರ ಹಿಡಿ” ಎಂದುಬಿಟ್ಟೆ, ಕನ್ನಡದಲ್ಲೇ.

ಮಾರ್ಗದರ್ಶಕರು ಹಣೆಗೆ ಕೈ ಹಚ್ಚಿಕೊಂಡರು. ಇನ್ನು ನನ್ನ ಕಥೆ ಮುಗಿಯಿತೆಂದುಕೊಂಡೆ. ಪರೀಕ್ಷಕರು ಮಾತ್ರ ನಿಧಾನವಾಗಿ ಹಿಂದಕ್ಕೆ ತಿರುಗಿ, “ಇಷ್ಟೇ ಹಾಕಬೇಕು ಅಂತ ನಿಮಗೆ ಹೇಗೆ ತಿಳೀತಮ್ಮ?” ಎಂದರು.

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

“ಅದ್ರಾಗ ತಿಳಿಯಾದೇನೈತ್ರಿ ಸರ? ಪುಡಿ ನೋಡಿದ್ರ ಕೈಗೆ ಗೊತ್ತಾಕೈತಿ. ಇಕಿಗೆ ಡಿಗ್ರಿ ಕೊಟ್ಟುಬಿಡ್ರಿ, ಓದಾಕ ಶ್ಯಾಣ್ಯಾಕಿ ಅದಾಳ. ಅರೆಯಾದೊಂದು ಬರಂಗಿಲ್ಲ, ಅದನ್ನ ಮನ್ಯಾಗ ನಾ ಕಲಸ್ತೀನಿ.”