ನನ್ನ ಓರಗಿತ್ತಿ ಮತ್ತು ಕಳ್ಳ ಸ್ವಿಚ್ಚು

ನನ್ನ ಓರಗಿತ್ತಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಡ್ರೈವರುಗಳೆಲ್ಲ ಬ್ಯಾಟರಿ ಅಕ್ಕ ಎಂದು ಕರೆಯುತ್ತಿದ್ದರು. ಅವಳಿಗಿಂತ ವಯಸ್ಸಾದವರಿಗೂ ಅವಳು ಅಕ್ಕನೇ. ಬ್ಯಾಟರಿ ಅಂಗಡಿ ಮೈದುನನದು. ಆದರೆ ಆಸಿಡ್ ವಾಸನೆ ಮೂಗಿಗೆ ಬಡಿದರೆ ಸಾಕು, ಅವನಿಗೆ ತಲೆ ಸುತ್ತುತ್ತಿತ್ತು. ಅದಕ್ಕೆ ಅವನು ಹೊರಗೆ ಕುರ್ಚಿ ಹಾಕಿಕೊಂಡು ಬಂದವರನ್ನು ಮಾತಾಡಿಸುತ್ತಿದ್ದ, ಒಳಗಿನ ಕೆಲಸವೆಲ್ಲ ಇವಳ ಪಾಲಿಗೆ ಬಂತು. ಅವಳ ಬಟ್ಟೆಗಳಲ್ಲೆಲ್ಲ ಆಸಿಡ್ ಹನಿ ಬಿದ್ದ ಸಣ್ಣ ಸಣ್ಣ ತೂತುಗಳು.

"ನಮ್ಮ ಅಂಗಡೀಲಿ ಜಗಳಾನೇ ಇಲ್ಲ ಅಕ್ಕ. ಬಾಯಿ ಇವರದು, ಕೈ ನಂದು" ಎನ್ನುತ್ತಿದ್ದಳು.

ಆ ಕಾಲದಲ್ಲಿ ನಮ್ಮ ಬೀದಿಗಳಲ್ಲಿ ಗಾಡಿ ಕಳ್ಳತನ ವಿಪರೀತವಾಗಿತ್ತು. ಟೀ ಕುಡಿದು ಬರುವಷ್ಟರಲ್ಲಿ ಗಾಡಿ ಮಾಯ. ಆಗ ಇವಳೇ ಒಂದು ಉಪಾಯ ಮಾಡಿದಳು. ಡ್ರೈವರ್ ಸೀಟಿನ ಕೆಳಗೆ ದಪ್ಪ ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಬ್ಯಾಟರಿ, ಬ್ಯಾಟರಿಗೇ ಅಂಟಿಕೊಂಡಂತೆ ಒಂದು ಸ್ವಿಚ್ಚು. ಪೆಟ್ಟಿಗೆಗೆ ಬೆಸುಗೆ. ಆ ಸ್ವಿಚ್ಚನ್ನು ನಡೆಸುವ ಸಣ್ಣ ಗುಂಡಿಯೊಂದು ಗಾಡಿಯೊಳಗೆ ಎಲ್ಲೋ ಅಡಗಿರುತ್ತಿತ್ತು. ಅದನ್ನು ಅದುಮಿದರೆ ಮಾತ್ರ ಕರೆಂಟು. ಇಲ್ಲದಿದ್ದರೆ ದೀಪವಿಲ್ಲ, ಹಾರನ್ನಿಲ್ಲ, ನಾಲ್ಕು ಜನ ತಳ್ಳಿದರೂ ಇಂಜಿನ್ನು ಒಂದು ಸಲ ಕೆಮ್ಮುವುದೂ ಇಲ್ಲ. ಡ್ರೈವರುಗಳು ಅದಕ್ಕೆ ಕಳ್ಳ ಸ್ವಿಚ್ಚು ಎಂದು ಹೆಸರಿಟ್ಟರು.

ಗುಂಡಿ ಎಲ್ಲಿದೆಯೆಂಬುದು ಅವಳಿಗೂ ತಿಳಿಯುತ್ತಿರಲಿಲ್ಲ. ಅದೇ ಅವಳ ಕೆಲಸದ ರೀತಿ. ಗಾಡಿಯ ಮೂಲೆಮೂಲೆಗೂ ತಂತಿ ಎಳೆದು ತುದಿಗಳನ್ನು ಬಿಟ್ಟಿರುತ್ತಿದ್ದಳು. ಆಮೇಲೆ ಗಾಡಿಯವನ ಕೈಗೆ ಗುಂಡಿಯನ್ನೂ ತಿರುಪು ತಿರುಗಿಸುವ ಸ್ಕ್ರೂಡ್ರೈವರನ್ನೂ ಕೊಟ್ಟು ಹೊರಗೆ ಬಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಅವನು ಯಾವ ತುದಿಗೆ ಬೇಕೋ ಆ ತುದಿಗೆ ಸೇರಿಸಿ ಮುಚ್ಚಿಕೊಳ್ಳಬೇಕು.

ನನ್ನ ಯಜಮಾನರು ಗಿರಣಿಯಿಂದ ಬೇಕರಿಗಳಿಗೆ ಹಿಟ್ಟು ಸಾಗಿಸುವ ವ್ಯಾನು ಓಡಿಸುತ್ತಿದ್ದರು. ಅವರ ವ್ಯಾನಿಗೆ ಹಾಕಿದ ದಿನ ನಾನೂ ಅಲ್ಲಿದ್ದೆ.

"ಎಲ್ಲಿಟ್ರಿ ಅಂತ ನನಗೆ ಹೇಳಬೇಡಿ ಭಾವ. ಅಕ್ಕನಿಗಂತೂ ಹೇಳಲೇಬೇಡಿ" ಎಂದಳು.

"ಏನೇ, ನನ್ನನ್ನೇ ಕಳ್ಳಿ ಮಾಡಿಬಿಟ್ಟೆಯಾ?" ಎಂದೆ.

"ಅಲ್ಲ ಅಕ್ಕ. ನಾಳೆ ಗಾಡಿ ಹೋಯ್ತು ಅನ್ಕೋ. ಭಾವ ಮನೇಲಿ ಯಾರ ಮುಖಾನೂ ಅನುಮಾನದಿಂದ ನೋಡಬಾರದು."

ನಾನೂ ಅವಳ ಪಕ್ಕ ಹೋಗಿ ವ್ಯಾನಿಗೆ ಬೆನ್ನು ತಿರುಗಿಸಿ ನಿಂತೆ.

ಒಂದು ಮಧ್ಯಾಹ್ನ ನಾನು ಅವಳ ಅಂಗಡಿಯಲ್ಲಿ ಕೂತಿದ್ದೆ. ಯಜಮಾನರು ನೀರು ಕುಡಿಯಲೆಂದು ವ್ಯಾನು ನಿಲ್ಲಿಸಿ ಒಳಗೆ ಬಂದು ಕೂತರು. ಲೋಟ ಕೈಯಿಂದ ಜಾರಿತು. ಏನಾಯಿತು ಎಂದು ಕೇಳಿದರೆ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು.

ಆಗೆಲ್ಲ ಕೈಯಲ್ಲಿ ಫೋನಿರಲಿಲ್ಲ. ಬೀದಿಯ ಗಾಡಿಗಳೆಲ್ಲ ಬಾಡಿಗೆಗೆ ಹೋಗಿದ್ದವು. ಮೈದುನ ಬೇರೆ ಗಾಡಿ ತರಲು ದೊಡ್ಡ ರಸ್ತೆಗೆ ಓಡಿದ. ಪಕ್ಕದ ಟೀ ಅಂಗಡಿಯವರು ಯಜಮಾನರನ್ನು ಎತ್ತಿ ವ್ಯಾನಿನೊಳಗಿನ ಹಿಟ್ಟಿನ ಮೂಟೆಗಳ ಮೇಲೆ ಮಲಗಿಸಿದರು. ಓರಗಿತ್ತಿ ಅವರ ಜೇಬಿನಿಂದ ಕೀಲಿ ತೆಗೆದು, ಸೀಟಿನಲ್ಲಿ ಕೂತು ತಿರುಗಿಸಿದಳು. ಏನೂ ಇಲ್ಲ. ನೀರು ಕುಡಿಯಲು ಇಳಿದಾಗಲೂ ಗುಂಡಿ ಆರಿಸಿ ಬರುವ ಮನುಷ್ಯ ಅವರು. ಗುಂಡಿ ಎಲ್ಲಿದೆಯೆಂದು ಬಲ್ಲವರು ನಮ್ಮ ಕಣ್ಣೆದುರಿಗೇ ಇದ್ದಾರೆ, ನೋಡುತ್ತಿದ್ದಾರೆ, ಹೇಳಲು ಬಾಯಿಲ್ಲ.

"ಪೆಟ್ಟಿಗೆ ಒಡೀಬಾರದಾ?" ಎಂದ ಟೀ ಅಂಗಡಿಯವನು.

"ನಾನೇ ಬೆಸುಗೆ ಹಾಕಿಸಿದ್ದು. ಕೊಯ್ಯೋಕೆ ಸಂಜೆ ಆಗುತ್ತೆ" ಎಂದಳು.

ಸ್ಟೇರಿಂಗಿನ ಕೆಳಗೆ, ಸೀಟಿನ ಸಂದಿಯಲ್ಲಿ, ಕಾಲಡಿಯಲ್ಲಿ ಎಲ್ಲ ಕಡೆ ತಡಕಿದಳು. ಸಿಗಲಿಲ್ಲ. ನಾನು ಅಳುತ್ತಿದ್ದೆ.

"ಅಕ್ಕ, ಆಮೇಲೆ ಅಳು. ಈಗ ಹೇಳು, ಭಾವ ಬಗ್ತಾರಾ?"

"ಎಲ್ಲಿ ಬಗ್ತಾರೆ? ಮೂಟೆ ಹೊತ್ತು ಹೊತ್ತು ಸೊಂಟ ಹಿಡಿದುಹೋಗಿದೆ. ಚಪ್ಪಲೀನೂ ಕಾಲಲ್ಲೇ ಎಳ್ಕೊಂಡು ಹಾಕ್ಕೋತಾರೆ."

"ಹಂಗಾದ್ರೆ ಕೆಳಗಡೆ ಇಲ್ಲ. ಏಳುವಾಗ ಏನು ಹಿಡ್ಕೋತಾರೆ?"

"ತಲೆ ಮೇಲೆ ಸಿಕ್ಕಿದ್ದು. ಮನೇಲಿ ಬಾಗಿಲ ಚೌಕಟ್ಟು ಹಿಡ್ಕೊಂಡೇ ಏಳೋದು, ಅಲ್ಲಿ ಬಣ್ಣಾನೇ ಹೋಗಿದೆ."

ಅವಳು ನೆಟ್ಟಗೆ ಕೂತಳು. ಬೆನ್ನನ್ನು ಯಜಮಾನರ ಹಾಗೆಯೇ ಬಿಗಿಮಾಡಿಕೊಂಡಳು. ಕಣ್ಣು ಮುಚ್ಚಿದಳು. ಬಲಗೈಯನ್ನು ಮೇಲೆತ್ತಿ, ಬಾಗಿಲ ಮೇಲೆ ಚಾವಣಿ ಸೇರುವ ಅಂಚಿನಲ್ಲಿ ಬೆರಳ ತುದಿಯನ್ನು ಮೆಲ್ಲಗೆ ಎಳೆಯುತ್ತಾ ಹೋದಳು. ಅಂಥ ಗಡಿಬಿಡಿಯಲ್ಲಿ ಅಷ್ಟು ನಿಧಾನವಾದ ಕೈಯನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ.

"ಹಿಟ್ಟು... ಹಿಟ್ಟು..." ಎಂದು ಗೊಣಗುತ್ತಿದ್ದಳು. ಆ ವ್ಯಾನಿನೊಳಗೆ ಹಿಟ್ಟಿನ ಧೂಳು ಕೂರದ ಜಾಗವೇ ಇರಲಿಲ್ಲ. ಬೆರಳು ನಿಂತಿತು. "ಇಲ್ಲಿ ಹಿಟ್ಟಿಲ್ಲ. ನುಣ್ಣಗಿದೆ."

ಅಲ್ಲಿದ್ದ ಬಟ್ಟೆಯ ಹೊದಿಕೆಯನ್ನು ಒತ್ತಿದಳು. ಸೀಟಿನ ಕೆಳಗಿನಿಂದ ಟಕ್ ಎಂದು ಸದ್ದು ಬಂತು. ಯಜಮಾನರ ಕೈ ದಿನವೂ ಸವರಿ ಸವರಿ ಮಾಡಿಟ್ಟ ಜಾಗ ಅದು. ಇವಳು ಕಣ್ಣು ಮುಚ್ಚಿ ಆ ಕೈಯ ಜಾಡು ಹಿಡಿದು ಹೋಗಿದ್ದಳು.

ವ್ಯಾನನ್ನು ಅವಳೇ ಓಡಿಸಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಯಜಮಾನರಿಗೆ ಮಾತು ಮರಳಲು ಬಹಳ ದಿನ ಹಿಡಿಯಿತು. ಆ ಮಧ್ಯಾಹ್ನದ ನೆನಪು ಅವರಿಗೆ ಮಸುಕಾಗಿತ್ತು. ತೊದಲುತ್ತಾ ಕೇಳಿದ ಮೊದಲ ಪ್ರಶ್ನೆಯೇ, "ಗುಂಡಿ ಯಾರು ಹುಡುಕಿದ್ದು?"

ಮಂಚದ ಹತ್ತಿರವೇ ನಿಂತಿದ್ದಳು ಓರಗಿತ್ತಿ. "ನಾನೇ ಭಾವ. ಮನೆಗೆ ಬಂದ ಮೇಲೆ ಜಾಗ ಬದಲಾಯಿಸಿಬಿಡಿ. ಈಗ ಅದು ನನಗೆ ಗೊತ್ತಾಗಿಹೋಗಿದೆ."

ಒಂದು ಜೀವ ಉಳಿಸಿದ ಹೆಂಗಸು, ಏನೋ ತಪ್ಪು ಮಾಡಿದವಳಂತೆ ನಿಂತು ಹೇಳಿದ ಮಾತು ಅದು. ಯಜಮಾನರು ಅರ್ಧ ಬಾಯಲ್ಲೇ ನಕ್ಕರು. ನಾನು ಕಣ್ಣೊರೆಸಿಕೊಂಡೆ.

ಮನೆಗೆ ಬಂದ ಮೇಲೆ ಗುಂಡಿಯ ಜಾಗ ಬದಲಾಯಿಸಲು ಹೊರಟರು. ಆದರೆ ಅವರ ಬೆರಳುಗಳಿಗೆ ತಿರುಪು ತಿರುಗಿಸುವಷ್ಟು ಬಲ ಬಂದಿರಲಿಲ್ಲ. "ನೀನೇ ಹಾಕಿಬಿಡಮ್ಮ" ಎಂದರು. ಅವಳು ಒಪ್ಪಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟಳು.

"ನೀನು ಹಾಕು ಅಕ್ಕ. ನಿನಗೆ ಹೇಳಬಾರದು ಅಂದಿದ್ದು ನನ್ನ ದಡ್ಡತನ."

ಸೌಟು ಬಿಟ್ಟು ಬೇರೇನೂ ಹಿಡಿಯದ ಕೈ ನನ್ನದು. ಯಜಮಾನರು ಕಣ್ಣಲ್ಲೇ ತೋರಿಸಿದ ಕಡೆ ತಿರುಪು ಬಿಗಿದೆ, ಸ್ವಲ್ಪ ಸೊಟ್ಟಗೆ.

ಅಂದಿನಿಂದ ಅವಳು ಬಂದ ಡ್ರೈವರಿಗೆಲ್ಲ ಹೊಸ ಪಾಠ ಹೇಳತೊಡಗಿದಳು. "ಮನೇಲಿ ಒಬ್ಬರಿಗಾದ್ರೂ ತೋರಿಸಿಡಿ. ಯಾರಿಗೆ ಅಂತ ಮಾತ್ರ ನನಗೆ ಹೇಳಬೇಡಿ."

ಒಬ್ಬ ಟ್ಯಾಕ್ಸಿಯವನು ತಲೆ ಕೆರೆದುಕೊಂಡ. "ನನಗೆ ಯಾರೂ ಇಲ್ಲವಲ್ಲ ಅಕ್ಕ."

"ಹಂಗಾದ್ರೆ ಮೊದಲು ಮದುವೆ ಮಾಡ್ಕೊಂಡು ಬಾ. ಆಮೇಲೆ ಸ್ವಿಚ್ಚು."

ಅವನು ಮುಂದಿನ ವರ್ಷ ಜೋಡಿಯಾಗಿ ಬಂದ.